ಕಳ್ಳಭಟ್ಟಿ, ಸೇಂದಿ ಕೇಸು ಕೋರ್ಟಿನಲ್ಲಿ ನಿಲ್ಲಬೇಕಾದರೆ ಏನೇನು ಸರಿಯಿರಬೇಕು? (ಹೊಸ ಅಬಕಾರಿ ಉಪ ನಿರೀಕ್ಷಕರಿಗೆ)

ತೊಗರಿಹೊಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಬಕಾರಿ ಉಪ ನಿರೀಕ್ಷಕ ಹುದ್ದೆಗೆ ಆಯ್ಕೆಯಾಗಿದೆ. ಸೇಡಂ, ಚಿಂಚೋಳಿ ಕಡೆಯ ವಲಯದಲ್ಲಿ ಕೆಲಸ. ಕಾಯ್ದೆ ಓದಿದ್ದೇನೆ, ಆದರೆ ಓದಿದ್ದಕ್ಕೂ ಸ್ಥಳದಲ್ಲಿ ಮಾಡುವುದಕ್ಕೂ ಅಂತರ ಇರುತ್ತದೆ. ದಾಳಿಗೆ ಹೊರಡುವ ಮೊದಲು ಏನು ಬರೆದಿಡಬೇಕು? ಬೆಲ್ಲದ ಕೊಳೆ (ಭಟ್ಟಿ ಇಳಿಸಲು ಹುಳಿಯಿಟ್ಟ ಬೆಲ್ಲದ ನೀರು) ಸಿಕ್ಕರೆ ಅಳತೆ, ಮಾದರಿ, ನಾಶ ಯಾವ ಕ್ರಮದಲ್ಲಿ? ಇಲ್ಲಿ ಸೇಂದಿಗೆ ಪೌಡರ್ ಬೆರೆಸುವ ಕೇಸು ಜಾಸ್ತಿ ಅಂತ ಕೇಳಿದ್ದೇನೆ, ಅದನ್ನು ಹೇಗೆ ನಡೆಸಬೇಕು? ಆರೋಪಿ ಸಿಕ್ಕು, ಮಾಲೂ ಸಿಕ್ಕು, ಕೊನೆಗೆ ಖುಲಾಸೆ ಆಗುವುದು ಯಾಕೆ ಎಂಬುದೇ ಮುಖ್ಯ ಪ್ರಶ್ನೆ. ಅನುಭವ ಇದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಭೀಮಾತೀರ:

ನೋಡ್ರಿ ಸರ್, ಬಹಳಷ್ಟು ಕೇಸು ಜೀಪು ಹತ್ತೋ ಮೊದಲೇ ಸತ್ತಿರ್ತಾವ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 54 ವಾರಂಟ್ ಇಲ್ಲದೆ ಹಗಲು ರಾತ್ರಿ ಯಾವಾಗಾದರೂ ಶೋಧ ಮಾಡೋ ಅಧಿಕಾರ ಕೊಡ್ತದ. ಆದರೆ ಅದಕ್ಕೊಂದು ಷರತ್ತು ಅದ: ಅಪರಾಧ ನಡೀತದ ಅಂತ ನಂಬಲಿಕ್ಕೆ ಏನು ಆಧಾರ, ವಾರಂಟ್ ತರೋದರೊಳಗ ಆರೋಪಿ ಪಾರಾಗ್ತಾನ ಅಥವಾ ಸಾಕ್ಷ್ಯ ಮುಚ್ಚಿಡ್ತಾನ ಅಂತ ಯಾಕ ಅನಿಸ್ತು, ಇದನ್ನ ಶೋಧಕ್ಕಿಂತ ಮೊದಲು ಬರೆದಿಡಬೇಕು. 1979ರ ಕೆ.ಎಲ್. ಸುಬ್ಬಯ್ಯ ಪ್ರಕರಣದಾಗ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿದ್ದು ಇದೇ ಕಾರಣಕ್ಕ. ಕಾರಿನ್ಯಾಗ ಮದ್ಯ ಸಿಕ್ಕಿತ್ತು, ಕಲಂ 54ರ ಆಧಾರ ಬರೆದಿರಲಿಲ್ಲ. ಇವತ್ತಿಗೂ ಆರೋಪಿ ಪರ ವಕೀಲರು ಮೊದಲು ಕೇಳೋದು ಆ ಹಾಳೆನೇ.

"ಖಚಿತ ಬಾತ್ಮಿ ಬಂದ ಮೇರೆಗೆ" ಅಂತ ಒಂದು ಸಾಲು ಗೀಚಿದರೆ ಸಾಲದು. ಬಾತ್ಮಿ ಬಂದ ಸಮಯ, ಊರು, ಸರ್ವೆ ನಂಬರ್ ಅಥವಾ ಮನೆಯ ಗುರುತು, ಏನು ಇಟ್ಟಾರ, ಯಾವಾಗ ಸಾಗಿಸ್ತಾರ, ನ್ಯಾಯಾಲಯ ಎಷ್ಟು ಕಿಲೋಮೀಟರ್, ಹೋಗಿಬರಲಿಕ್ಕೆ ಎಷ್ಟು ಹೊತ್ತು ಹಿಡೀತದ, ಇಷ್ಟೂ ಬರೀರಿ. ಬಾತ್ಮಿದಾರನ ಹೆಸರು ಮಾತ್ರ ಎಲ್ಲೂ ಬೇಡ. ಕೆಳಗ ಸಹಿ, ತಾರೀಖು, ಸಮಯ. ಸಾಧ್ಯವಿದ್ದರ ಮೇಲಧಿಕಾರಿಗೆ ಹೊರಡೋ ಮೊದಲೇ ಒಂದು ಪ್ರತಿ ಹೋಗಲಿ, ಸ್ವೀಕೃತಿ ಸಮಯ ಇರಲಿ. ಆ ಸಮಯ ನಿಮ್ಮ ಪರ ಮಾತಾಡ್ತದ.

ಎರಡನೇದು ಪಂಚರು, ಅಂದರ ಶೋಧ, ಜಪ್ತಿ ನೋಡಿ ಸಹಿ ಮಾಡೋ ಸಾಕ್ಷಿಗಳು. ಅದೇ ಇಬ್ಬರು ಕಾಯಂ ಪಂಚರನ್ನ ಹತ್ತು ಕೇಸಿಗೆ ಹಾಕೋ ರೂಢಿ ಬಿಡ್ರಿ. ಅವರು ಹಿಂದ ಎಷ್ಟು ಕೇಸಿನ್ಯಾಗ ಸಹಿ ಮಾಡ್ಯಾರ ಅಂತ ಪಾಟಿ ಸವಾಲಿನ್ಯಾಗ ಹೊರಗ ಬಂದರ ಪಂಚನಾಮೆಯ ತೂಕವೇ ಹೋಗ್ತದ. ಆ ಊರಿನವರು ಬರಲ್ಲ ಅಂದರ, ಯಾರನ್ನ ಕರೆದ್ರಿ, ಏನಂದರು ಅನ್ನೋದನ್ನ ಬರೆದು ಪಕ್ಕದ ಊರಿನವರನ್ನ ತಗೊಳ್ರಿ. ಕಾನೂನು ಅದಕ್ಕ ಅವಕಾಶ ಕೊಡ್ತದ.

ಮೂರನೇದು ಭಾಳ ಸಣ್ಣದು, ಭಾಳ ಕೇಸು ಕೆಡಿಸ್ಯಾದ. ಸ್ಥಳದಲ್ಲಿ ಬರೆದ ಪಂಚನಾಮೆ ಮೇಲೆ, ಮಾದರಿ ಬಾಟಲಿಯ ಚೀಟಿ ಮೇಲೆ ಅಪರಾಧ ಸಂಖ್ಯೆ ಇರ್ತದ. ಪ್ರಥಮ ವರ್ತಮಾನ ವರದಿ ದಾಖಲಾಗೋದು ಠಾಣೆಗೆ ಬಂದ ಮ್ಯಾಲ. ಹಂಗಾದರ ರಾತ್ರಿ 8ಕ್ಕೆ ಹೊಲದಾಗ ಆ ನಂಬರ್ ಎಲ್ಲಿಂದ ಬಂತು? ಉತ್ತರ ಇರಲ್ಲ. ಇಡೀ ಪಂಚನಾಮೆ ಕಚೇರಿಯಲ್ಲಿ ಕೂತು ಬರೆದದ್ದು ಅಂತ ವಾದ ನಿಲ್ತದ. ಅಪರಾಧ ಸಂಖ್ಯೆಯ ಜಾಗ ಖಾಲಿ ಬಿಡ್ರಿ. ನಂತರ ತುಂಬೋದಿದ್ದರ ಬೇರೆ ಶಾಯಿಯಲ್ಲಿ, ತಾರೀಖು ಹಾಕಿ, ಸಣ್ಣ ಸಹಿ ಮಾಡಿ ತುಂಬ್ರಿ. ಜೀಪಿನ ಲಾಗ್ ಪುಸ್ತಕ, ಠಾಣಾ ದಿನಚರಿ, ಪಂಚನಾಮೆಯ ಆರಂಭ ಮತ್ತು ಮುಕ್ತಾಯ, ವಿಡಿಯೊದ ಸಮಯ, ಈ ನಾಲ್ಕೂ ಒಂದಕ್ಕೊಂದು ಕೂಡಬೇಕು. ಕತ್ತಲಾಗಿದ್ದರ ಯಾವ ಬೆಳಕಿನ್ಯಾಗ ಬರೆದ್ರಿ ಅನ್ನೋದೂ ಬರೀರಿ.

ವಿಡಿಯೊ ಬಗ್ಗೆ: 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 105ರ ಪ್ರಕಾರ ಶೋಧ, ಜಪ್ತಿ, ಪಟ್ಟಿ ತಯಾರಿ, ಸಾಕ್ಷಿಗಳ ಸಹಿ ಎಲ್ಲದರದ್ದೂ ಧ್ವನಿ ಸಹಿತ ಚಿತ್ರೀಕರಣ ಆಗಬೇಕು, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮಾಲನ್ನ ಸಾಲಾಗಿ ಜೋಡಿಸಿಟ್ಟ ಮ್ಯಾಲ ಕ್ಯಾಮೆರಾ ಚಾಲೂ ಮಾಡಬ್ಯಾಡ್ರಿ. ಬಾಗಿಲಿಂದಲೇ ಶುರುವಾಗಲಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ (ವಿದ್ಯುನ್ಮಾನ ದಾಖಲೆಗೆ ಕೊಡೋದು) ಜೊತಿಗಿರಲಿ. ಅದಿಲ್ಲದಿದ್ದರ ವಿಡಿಯೊ ಇದ್ದೂ ಇಲ್ಲದಂಗ.

ಕಾರಂಜಾ:

ಭೀಮಾತೀರ ಅವರು ಕಾಗದದ ಭಾಗ ಹೇಳಿದ್ದಾರೆ. ಅಳತೆ ಮತ್ತು ಮಾದರಿ ಬಗ್ಗೆ ನಾನು ಬರೆಯುತ್ತೇನೆ.

ಕೊಳೆಯನ್ನು "ಅಂದಾಜು 150 ಲೀಟರ್" ಎಂದು ಬರೆಯಬೇಡಿ. ಅಳತೆ ಪಟ್ಟಿ ಜೀಪಿನಲ್ಲಿ ಇರಲಿ. ಪ್ಲಾಸ್ಟಿಕ್ ಡ್ರಮ್ಮಿನ ಒಳವ್ಯಾಸ ಮತ್ತು ಕೊಳೆ ನಿಂತ ಎತ್ತರ ಅಳೆಯಿರಿ. ವ್ಯಾಸ 56 ಸೆಂ.ಮೀ., ಎತ್ತರ 60 ಸೆಂ.ಮೀ. ಇದ್ದರೆ 3.14 × 28 × 28 × 60, ಅಂದರೆ 1,47,705 ಘನ ಸೆಂ.ಮೀ., ಸುಮಾರು 147.7 ಲೀಟರ್. ಲೆಕ್ಕವನ್ನು ಪಂಚನಾಮೆಯಲ್ಲೇ ತೋರಿಸಿ. ಮಡಕೆ, ಕೊಡಗಳಾದರೆ ಅಳತೆ ಗೊತ್ತಿರುವ ಕ್ಯಾನಿನಿಂದ ತೋಡಿ ಎಣಿಸಿ. ನಾಶ ಮಾಡಿದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ, ಹಾಗಾಗಿ ಈ ಲೆಕ್ಕವೇ ಸಾಕ್ಷಿ.

ಕೊಳೆಯ ಮಾದರಿಯಲ್ಲಿ ಆಗುವ ದೊಡ್ಡ ತಪ್ಪು ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬುವುದು. ಬಾಟಲಿಯೊಳಗೂ ಹುಳಿಯುವುದು ನಿಲ್ಲುವುದಿಲ್ಲ, ಅನಿಲ ಕಟ್ಟಿ ಬಿರಡೆ ಎಗರುತ್ತದೆ, ಮೊಹರು ಒಡೆಯುತ್ತದೆ. ಮೊಹರು ಒಡೆದ ಮಾದರಿಯನ್ನು ಪ್ರಯೋಗಾಲಯ ಹಿಂದಿರುಗಿಸುತ್ತದೆ, ಅಲ್ಲಿಗೆ ಕೇಸು ಮುಗಿದಂತೆ. ಮುಕ್ಕಾಲು ಭಾಗ ಮಾತ್ರ ತುಂಬಿ, ತಿರುಪು ಮುಚ್ಚಳದ ಬಾಟಲಿ ಬಳಸಿ, ತಂಪಿನಲ್ಲಿಟ್ಟು ಆದಷ್ಟು ಬೇಗ ಕಳಿಸಿ. ಪ್ರತಿ ಡ್ರಮ್ಮಿಗೂ ಬೇರೆ ಮಾದರಿ, ಬೇರೆ ಗುರುತು. ನಾಲ್ಕು ಡ್ರಮ್ ಕಲಸಿ ಒಂದು ಬಾಟಲಿ ತೆಗೆದರೆ ಉಳಿದ ಮೂರರಲ್ಲಿ ಏನಿತ್ತೆಂದು ಸಾಬೀತು ಮಾಡಲಾಗದು.

ನಮ್ಮ ಭಾಗದ ಬೇಸಿಗೆಗೆ ಅರಗು ತಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಜೀಪಿನ ಮುಂದಿನ ಗಾಜಿನಡಿ ಇಟ್ಟ ಮಾದರಿಯ ಮೊಹರು ಮೆತ್ತಗಾಗಿ ಅಕ್ಷರ ಅಳಿಸಿಹೋಗುತ್ತದೆ. ಮೊಹರಿನ ಗುರುತು ಒತ್ತಿಟ್ಟ ಕಾಗದಕ್ಕೂ ಬಾಟಲಿಯ ಮೊಹರಿಗೂ ಹೋಲಿಕೆ ಕೂಡದಿದ್ದರೆ ಸಂಶಯದ ಲಾಭ ಆರೋಪಿಗೆ. ತಗಡಿನ ಪೆಟ್ಟಿಗೆ, ಅದಕ್ಕೆ ಒದ್ದೆ ಗೋಣಿ, ನೆರಳು, ಇಷ್ಟು ಸಾಕು. ಜಪ್ತಿಯಾದ ದಿನದಿಂದ ಪ್ರಯೋಗಾಲಯ ತಲುಪುವವರೆಗೆ ಮಾದರಿ ಯಾರ ವಶದಲ್ಲಿತ್ತು ಎಂಬುದು ಮುದ್ದೇಮಾಲು (ಜಪ್ತಿ ಮಾಲಿನ) ರಿಜಿಸ್ಟರಿನಲ್ಲಿ ದಿನಾಂಕವಾರು ಇರಬೇಕು. ಒಯ್ದ ಪೇದೆಯನ್ನೂ ಸಾಕ್ಷಿ ಪಟ್ಟಿಗೆ ಸೇರಿಸಿ. ಈ ಒಂದು ಹೆಸರು ಬಿಟ್ಟುಹೋಗಿ ಕೊಂಡಿ ಕಳಚುವುದುಂಟು.

ಮದ್ಯದ ತೀಕ್ಷ್ಣತೆ ಅಳೆಯುವ ಮಾಪಕ (ಮದ್ಯಮಾಪಕ) ಕೈಯಲ್ಲಿದ್ದರೂ ಜಾಗ್ರತೆ. ಸಾಮಾನ್ಯ ಮದ್ಯಮಾಪಕ 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ್ದು. 42.8 ಶೇಕಡಾ ಇರುವ ವಿಸ್ಕಿ 38 ಡಿಗ್ರಿ ಬಿಸಿಲಿನಲ್ಲಿ 50ರ ಹತ್ತಿರ ತೋರಿಸುತ್ತದೆ, ಡಿಗ್ರಿಗೆ ಸುಮಾರು 0.4ರಂತೆ ಏರುತ್ತದೆ. ಉಷ್ಣಾಂಶ ಬರೆದು ಕೋಷ್ಟಕದಿಂದ ಸರಿಪಡಿಸದಿದ್ದರೆ ಸರಿಯಿದ್ದ ಮಾಲು ಕಲಬೆರಕೆ ಎಂದಾಗುತ್ತದೆ. ಕೊಳೆಯಲ್ಲಿ ಬೆಲ್ಲ ಕರಗಿರುವುದರಿಂದ ಅದಕ್ಕೆ ನೇರವಾಗಿ ಮಾಪಕ ಬಿಟ್ಟರೆ ಅರ್ಥವೇ ಇಲ್ಲ, ಬಟ್ಟಿ ಇಳಿಸಿಯೇ ನೋಡಬೇಕು, ಅದು ಪ್ರಯೋಗಾಲಯದ ಕೆಲಸ. ಇನ್ನೊಂದು ಬಹಳ ಮುಖ್ಯ: ಮಾಪಕ ವಿಷಕಾರಿ ಮೆಥನಾಲನ್ನು ಹಿಡಿಯುವುದಿಲ್ಲ. ಎಥನಾಲಿನ ಸಾಂದ್ರತೆ 0.789, ಮೆಥನಾಲಿನದ್ದು 0.792. ಎರಡೂ ಒಂದೇ ರೀತಿ ತೇಲಿಸುತ್ತವೆ. ಬೆಂಕಿ ಹಚ್ಚಿ ನೀಲಿ ಜ್ವಾಲೆ ನೋಡುವ ಪದ್ಧತಿಯನ್ನೂ ನಂಬಬೇಡಿ. ಕುಡಿದವರಿಗೆ ಕಣ್ಣು ಮಂಜು, ಹೊಟ್ಟೆನೋವು, ಉಸಿರು ವೇಗ ಎಂದು ಗೊತ್ತಾದ ಕ್ಷಣ ಜಪ್ತಿ ಕೆಲಸ ಆಮೇಲೆ, ಮೊದಲು ಅವರನ್ನು ಡಯಾಲಿಸಿಸ್ ಇರುವ ಆಸ್ಪತ್ರೆಗೆ ಸೇರಿಸಿ, ಅದೇ ಮಾಲು ಕುಡಿದ ಉಳಿದವರನ್ನು ಹುಡುಕಿ. ಗಂಟೆಗಳಲ್ಲಿ ದೃಷ್ಟಿ ಹೋಗುತ್ತದೆ.

ನಾಶ ಮಾಡುವಾಗ ಹಳ್ಳಕ್ಕೆ ಸುರಿಯಬೇಡಿ. ಮೀನು ಸಾಯುತ್ತವೆ, ದನ ಕುಡಿಯುತ್ತವೆ. ಒಣ ನೆಲದಲ್ಲಿ ಚೆಲ್ಲಿ ಮಣ್ಣು ಎಳೆಯಿರಿ. ಹೂತಿಟ್ಟ ಡ್ರಮ್ಮಿನ ಗುಂಡಿಗೋ ಹಾಳುಬಾವಿಗೋ ಪೇದೆಯನ್ನು ಇಳಿಸುವ ಮೊದಲು ಯೋಚಿಸಿ. ಹುಳಿಯುವ ಕೊಳೆಯಿಂದ ಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಇಳಿದವನು ಮೇಲೆ ಬರುವುದಿಲ್ಲ.

ತೊಗರಿಹೊಲ:

ಇಬ್ಬರಿಗೂ ಧನ್ಯವಾದ. ಅಪರಾಧ ಸಂಖ್ಯೆಯ ವಿಷಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಸೇಂದಿ ಬಗ್ಗೆ ಯಾರಾದರೂ ಹೇಳುವಿರಾ? ಮತ್ತೆ ಗಡಿ ದಾಟಿ ಬರುವ ಮಾಲಿನ ವಿಷಯ?

ನಾಗಾವಿ:

ಸೇಂದಿಯಲ್ಲಿ ಬೆರೆಸುವುದು ಹೆಚ್ಚಾಗಿ ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್. ಬಿಳಿ ಹರಳು, ಮೂಗಿಗೆ ಹೊಡೆಯುವ ವಾಸನೆ. ಕೆಲವೆಡೆ ಡಯಾಜೆಪಾಮ್, ಆಲ್‌ಪ್ರಜೋಲಾಮ್ ಎಂಬ ಮಂಪರು ಔಷಧಗಳು. ಇಲ್ಲಿ ಕೇಸಿನ ದಾರಿ ಎರಡಾಗಿ ಸೀಳುತ್ತದೆ. ಡಯಾಜೆಪಾಮ್, ಆಲ್‌ಪ್ರಜೋಲಾಮ್ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತುಗಳ ಕಾಯ್ದೆ) ಅಡಿಯ ವಸ್ತುಗಳು. ಆಲ್‌ಪ್ರಜೋಲಾಮ್‌ಗೆ 5 ಗ್ರಾಂ ಸಣ್ಣ ಪ್ರಮಾಣ, 100 ಗ್ರಾಂ ವಾಣಿಜ್ಯ ಪ್ರಮಾಣ. ಡಯಾಜೆಪಾಮ್‌ಗೆ 20 ಮತ್ತು 500. ಸುಪ್ರೀಂ ಕೋರ್ಟಿನ 2020ರ ಹೀರಾ ಸಿಂಗ್ ತೀರ್ಪಿನ ನಂತರ ಬೆರಕೆಯ ಒಟ್ಟು ತೂಕವೇ ಲೆಕ್ಕ. ಹಾಗಾಗಿ ಪೊಟ್ಟಣದಲ್ಲಿ ಬಿಳಿ ಪುಡಿ ಸಿಕ್ಕರೆ "ಸಿಎಚ್ ಪೌಡರ್" ಎಂದು ನೀವೇ ಹೆಸರಿಡಬೇಡಿ. "ಬಿಳಿ ಬಣ್ಣದ ಪುಡಿ, ಇಂಥ ವಾಸನೆ, ಪೊಟ್ಟಣ ಸಹಿತ ಇಷ್ಟು, ಪೊಟ್ಟಣ ಬಿಟ್ಟು ಇಷ್ಟು ತೂಕ" ಎಂದು ಬರೆಯಿರಿ. ಹೆಸರು ಪ್ರಯೋಗಾಲಯ ಹೇಳಲಿ. ಸಂಶಯ ಇದ್ದರೆ ಎನ್‌ಡಿಪಿಎಸ್ ಕ್ರಮವನ್ನೇ ಅನುಸರಿಸಿ: ಬಾತ್ಮಿ ಬರೆದು 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ, ಮೈ ಶೋಧಕ್ಕೆ ಮೊದಲು ಕಲಂ 50ರ ಹಕ್ಕನ್ನು (ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧ ಕೇಳುವ ಹಕ್ಕು) ಆರೋಪಿಗೆ ಅವನ ಭಾಷೆಯಲ್ಲಿ ತಿಳಿಸಿ ಸಹಿ, ಜಪ್ತಿಯ 48 ಗಂಟೆಯೊಳಗೆ ಮೇಲಧಿಕಾರಿಗೆ ಕಲಂ 57ರ ವರದಿ. 2022ರ ನಿಯಮಗಳ ಪ್ರಕಾರ ಮಾದರಿ ತೆಗೆಯುವುದು ಕಲಂ 52ಎ ಅಡಿ ಮ್ಯಾಜಿಸ್ಟ್ರೇಟರ ಮುಂದೆ. ಸೇಂದಿ, ಕೊಳೆಗೆ ಸ್ಥಳದಲ್ಲೇ ಮಾದರಿ ತೆಗೆದು ರೂಢಿಯಾದ ಕೈ ಇಲ್ಲಿಯೂ ಹಾಗೇ ಮಾಡಿಬಿಡುತ್ತದೆ, ಎಚ್ಚರ.

ಕಾನೂನಿನಾಚೆಗೆ ಒಂದು ಮಾತು. ವರ್ಷಗಟ್ಟಲೆ ಪೌಡರ್ ಸೇಂದಿ ಕುಡಿದವರಿಗೆ ಅದು ಒಮ್ಮೆಲೇ ನಿಂತರೆ ನಡುಕ, ಫಿಟ್ಸ್, ಭ್ರಮೆ ಬರುತ್ತದೆ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಕಳ್ಳು ನಿಂತಾಗ ಆಸ್ಪತ್ರೆಗಳು ತುಂಬಿದ್ದು ಇದರಿಂದಲೇ. ಒಂದು ಊರಿನ ಅಡ್ಡೆ ಮುಚ್ಚಿಸಿದ ದಿನವೇ ತಾಲ್ಲೂಕು ಆರೋಗ್ಯಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ಹೇಳಿಸಿ. ಕುಡಿದವರು ನಮ್ಮ ಜನವೇ. ಅವರು ರೋಗಿಗಳು, ಆರೋಪಿಗಳಲ್ಲ.

ಬಸವಕಲ್ಯಾಣ ದಾರಿ:

ಗಡಿ ಬಗ್ಗೆ ಚಿಕ್ಕದಾಗಿ. ಹುಮನಾಬಾದ್ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 65, ಗುರುಮಠಕಲ್‌–ನಾರಾಯಣಪೇಟ ದಾರಿ, ಆಳಂದದಿಂದ ಮಹಾರಾಷ್ಟ್ರದ ಕಡೆ, ಔರಾದ ತಾಲ್ಲೂಕಿನ ಒಳದಾರಿಗಳು, ಇವೆಲ್ಲ ಗಮನದಲ್ಲಿರಲಿ. ಮಹಾರಾಷ್ಟ್ರದಲ್ಲಿ ಪರವಾನಗಿ ಇರುವ ದೇಶಿ ದಾರು ಇಲ್ಲಿಗೆ ಬಂದರೆ ಅಕ್ರಮ, ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ. ಜಪ್ತಿ ಪಟ್ಟಿಯಲ್ಲಿ ಲೇಬಲ್ಲಿನ ಮಾರಾಟ ರಾಜ್ಯ, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಅಬಕಾರಿ ಅಂಟು ಚೀಟಿಯ ಸಂಖ್ಯೆ ಎಲ್ಲ ಬರಲಿ. 180 ಮಿ.ಲೀ. 48 ಇದ್ದರೆ ಒಂದು ಪೆಟ್ಟಿಗೆ, 8.64 ಲೀಟರ್. 90 ಮಿ.ಲೀ. ಟೆಟ್ರಾ 96 ಇದ್ದರೂ ಅಷ್ಟೇ. 650ರ ಬಿಯರ್ 12ಕ್ಕೆ 7.8 ಲೀಟರ್. ಪೆಟ್ಟಿಗೆ ಲೆಕ್ಕದಲ್ಲಿ ಬರೆದು ಬಿಡಬೇಡಿ, ಒಡೆದು ಎಣಿಸಿ. ಹೊಲಗಳ ನಡುವೆ ಗಡಿ ಕಣ್ಣಿಗೆ ಕಾಣದು. ನಿಂತ ಜಾಗದ ಜಿಪಿಎಸ್ ಅಂಕಿ ಬರೆದುಕೊಳ್ಳಿ, ಆಚೆ ಬದಿಯಾದರೆ ಅಲ್ಲಿನ ಇಲಾಖೆಯನ್ನು ಕರೆಯಿರಿ. ವಾಹನ ಸಿಕ್ಕರೆ ಅಬಕಾರಿ ಕಾಯ್ದೆಯ ಕಲಂ 43ಎ ಅಡಿ ಮುಟ್ಟುಗೋಲಿನ ವರದಿ ತಡವಾಗದೆ ಅಬಕಾರಿ ಉಪ ಆಯುಕ್ತರಿಗೆ ಹೋಗಲಿ, ಚಾಸಿ ಮತ್ತು ಇಂಜಿನ್ ನಂಬರ್ ಸಹಿತ. ನಂಬರ್ ಪ್ಲೇಟ್ ಒಂದನ್ನೇ ನಂಬಿದರೆ ಮಾಲೀಕ ಬೇರೆಯೇ ಆಗಿರುತ್ತಾನೆ.

ಭೀಮಾತೀರ:

ತೊಗರಿ, ಹತ್ತಿ ಸಾಲಿನ ನಡುವೆ ಗಾಂಜಾ ಗಿಡ ಸಿಕ್ಕಾಗಿನ ಮಾತು ಉಳೀತು. ಬೇರು, ಮಣ್ಣು, ಕಾಂಡ ಸೇರಿಸಿ ಹಸಿ ಗಿಡ ತೂಗಿ "ಇಷ್ಟು ಕೆ.ಜಿ. ಗಾಂಜಾ" ಅಂತ ಬರೀತಾರ. ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಅಂದರ ಹೂವು, ಕಾಯಿ ಬಿಟ್ಟ ತುದಿ ಮಾತ್ರ. ತುದಿ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ಗಿಡ ಬೆಳೆಸಿದ್ದು ಬೇರೆ ಅಪರಾಧ, ಅದಕ್ಕ ಗಿಡಗಳ ಎಣಿಕೆ, ಎತ್ತರ, ಪಹಣಿ, ಗ್ರಾಮ ಆಡಳಿತ ಅಧಿಕಾರಿಯ ಸಮ್ಮುಖದ ಹದ್ದುಬಸ್ತು (ಹೊಲದ ಗಡಿ ಗುರುತು), ಹೊಲ ಯಾರು ಉಳ್ತಾರ ಅನ್ನೋ ಹೇಳಿಕೆ ಬೇಕು. ಪಹಣಿಯಲ್ಲಿ ಹೆಸರಿದ್ದವ ಪುಣೆಯಲ್ಲಿ ದುಡೀತಿರ್ತಾನ, ಪಾಲಿಗೆ ಮಾಡೋವ ಬೇರೆ ಇರ್ತಾನ. ತುದಿ ಬೇರೆ, ಉಳಿದದ್ದು ಬೇರೆ ತೂಗಿಸ್ರಿ. ತಕ್ಕಡಿಗೆ ಮುದ್ರೆ ಇರಲಿ, ಅದರ ಪ್ರಮಾಣಪತ್ರದ ಪ್ರತಿ ಕಡತಕ್ಕ ಹಚ್ರಿ. ಯಂತ್ರದಿಂದ ಬರೋ ತೂಕದ ಚೀಟಿ ಕೆಲವು ತಿಂಗಳದಾಗ ಮಾಸಿ ಖಾಲಿ ಕಾಗದ ಆಗ್ತದ. ಅವತ್ತೇ ಜೆರಾಕ್ಸ್ ಮಾಡಿಸಿ, ಎರಡರ ಮೇಲೂ ಪಂಚರ ಸಹಿ ತಗೊಂಡು ಇಡ್ರಿ.