ಟೈಲ್ಸ್ ಮೇಲೆ ಟೈಲ್ಸ್ ಬೇಡ ಪುಟ್ಟೀ

ಪುಟ್ಟೀ, ನಿನ್ನ ಸಂದೇಶವನ್ನು ಬೆಳಿಗ್ಗೆಯೇ ನೋಡಿದೆ. ಇಷ್ಟೆಲ್ಲ ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದವಾಗುತ್ತದೆ, ಸೊಪ್ಪು ಬಿಡಿಸುತ್ತಲೋ ಬಟ್ಟೆ ಮಡಚುತ್ತಲೋ ಕೇಳು. ಗುಂಪಿನಲ್ಲಿ ಬೇಡವಾದವರು ಬಿಟ್ಟುಬಿಡಿ, ನಾನೇನೂ ಅಂದುಕೊಳ್ಳುವುದಿಲ್ಲ.

ನೀನು ಕೇಳಿದ್ದು ಇಷ್ಟು. ವಿಜಯನಗರದಲ್ಲಿ ಕೊಂಡಿರುವ 22 ವರ್ಷದ ಹಳೆಯ ಫ್ಲ್ಯಾಟನ್ನು ಗುತ್ತಿಗೆದಾರರು 45 ದಿನದಲ್ಲಿ ಹೊಸದು ಮಾಡಿಕೊಡುತ್ತಾರಂತೆ. ಬಚ್ಚಲಲ್ಲಿ ಹಳೆಯ ಟೈಲ್ಸ್ ಒಡೆಯದೆ ಅದರ ಮೇಲೆಯೇ ಹೊಸದನ್ನು ಅಂಟಿಸುತ್ತಾರಂತೆ, ಅದರಿಂದ ಹತ್ತು ದಿನ ಉಳಿಯುತ್ತದಂತೆ. ಮೇ ಕೊನೆಗೆ ಶುರು, ಶ್ರಾವಣದಲ್ಲಿ ಗೃಹಪ್ರವೇಶ. ಅಣ್ಣ ಆಗಲೇ ಹೆಬ್ಬೆರಳು ಎತ್ತಿ ತೋರಿಸಿದ್ದಾನೆ. ಅವನು ಎಲ್ಲದಕ್ಕೂ ಹೆಬ್ಬೆರಳು ಎತ್ತುವವನೇ. ನಾನು ಎತ್ತುವುದಿಲ್ಲ.

ಬಚ್ಚಲಿನದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಜಯನಗರದ ಮನೆ 1996ರಲ್ಲಿ ಕಟ್ಟಿದ್ದು, ನಾವಿರುವುದು ಮೂರನೆಯ ಮಹಡಿ. 2023ರಲ್ಲಿ ನಾವು ಕೆಲಸಕ್ಕೆ ಕೈಹಾಕಿದ್ದು ಅಂದಚಂದಕ್ಕಲ್ಲ. ಒಂದು ದಿನ ಕೆಳಗಿನ ಮನೆಯವರು ಕರೆದು, ತಮ್ಮ ಬಚ್ಚಲಿನ ಸೂರಿನಲ್ಲಿ ಸುಣ್ಣ ಉಬ್ಬಿ ಹೊಪ್ಪಳಿಕೆ ಎದ್ದಿರುವುದನ್ನು ತೋರಿಸಿದರು. ಕೆಳಗೆ ಒಂದು ಬಕೆಟ್. ತೊಟ್ ಎಂದು ಬೀಳುತ್ತಿದ್ದುದು ನಾವು ಸ್ನಾನ ಮಾಡಿದ ನೀರು. ಅವರು ಒಂದು ಕಟುಮಾತೂ ಆಡಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೇ ವಾಸಿಯಾಗುತ್ತಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಟೈಲ್ಸ್ ಸಂದಿಗೆ ಬಿಳಿ ಸಿಮೆಂಟು ತುಂಬಿಸಿದೆವು. ಎರಡು ತಿಂಗಳು ನಿಂತಿತು, ಮತ್ತೆ ತೊಟ್ ತೊಟ್. ಇನ್ನೊಮ್ಮೆ ತುಂಬಿಸಿದೆವು. ಆಮೇಲೆ ಬೇರೆ ದಾರಿ ಇಲ್ಲವೆಂದು ಒಡೆಸಿದೆವು.

ಒಡೆದ ಮೇಲೆ ಕಂಡದ್ದನ್ನು ನೀನು ನೋಡಬೇಕಿತ್ತು. ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲಿನ ಕಾಂಕ್ರೀಟನ್ನು ಉಳಿದ ನೆಲಕ್ಕಿಂತ ಸುಮಾರು ಒಂದು ಅಡಿ ತಗ್ಗಿಸಿ ಕಟ್ಟುವುದುಂಟು, ಕೊಳವೆಗಳು ಅದರೊಳಗೆ ಹಾಯಲಿ ಎಂದು. ಆ ತಗ್ಗಿಗೆ ಇಟ್ಟಿಗೆ ಚೂರು ತುಂಬಿ, ಮೇಲೆ ಗಾರೆ ಎಳೆದು, ಟೈಲ್ಸ್ ಕೂರಿಸುತ್ತಾರೆ. ನಮ್ಮಲ್ಲಿ ಆ ಇಟ್ಟಿಗೆ ಚೂರುಗಳು ನೀರು ಕುಡಿದು ಕುಡಿದು ಕೈಯಲ್ಲಿ ಹಿಸುಕಿದರೆ ಪುಡಿಯಾಗುವಂತಿದ್ದವು. ಒಂದು ಹಳ್ಳ ತುಂಬ ನೀರಿಟ್ಟುಕೊಂಡು, ಮೇಲೆ ಹೊಳೆಯುವ ಟೈಲ್ಸ್ ಹಾಸಿಕೊಂಡು ಇಷ್ಟು ವರ್ಷ ಸ್ನಾನ ಮಾಡಿದ್ದೇವೆ. ಪ್ಲಂಬರ್ ಹಳೆಯ ಕಬ್ಬಿಣದ ಕೊಳವೆಯ ಒಂದು ತುಂಡು ಕತ್ತರಿಸಿ ನನ್ನ ಕೈಗೆ ಕೊಟ್ಟ. ಹೊರಗಿನಿಂದ ಹೆಬ್ಬೆರಳು ಗಾತ್ರ. ಒಳಗೆ ತುಕ್ಕೂ ಬೋರ್‌ವೆಲ್ ನೀರಿನ ಗಡಸೂ ಕಟ್ಟಿಕೊಂಡು ಒಂದು ಪೆನ್ಸಿಲ್ ತೂರುವಷ್ಟು ಮಾತ್ರ ಜಾಗ. ಷವರಿನಲ್ಲಿ ನೀರು ಬರುವುದಿಲ್ಲವೆಂದು ನಿಮ್ಮ ಮಾವ ಮೂರು ಷವರ್ ಬದಲಾಯಿಸಿದ್ದರು. ಆ ತುಂಡನ್ನು ಇನ್ನೂ ಇಟ್ಟಿದ್ದೇನೆ, ಬಂದಾಗ ತೋರಿಸುತ್ತೇನೆ.

ಈಗ ಹೇಳು, ಇದರ ಮೇಲೆ ಇನ್ನೊಂದು ಪದರ ಟೈಲ್ಸ್ ಅಂಟಿಸಿದರೆ ಕೆಳಗಿನದು ಏನಾಗುತ್ತದೆ? ಸೋರುವುದು ನಿಲ್ಲುವುದಿಲ್ಲ, ನಿನಗೆ ಕಾಣಿಸುವುದಿಲ್ಲ ಅಷ್ಟೇ. ಮೇಲಾಗಿ ಬಚ್ಚಲಿನ ನೆಲ ಅರ್ಧ ಮುಕ್ಕಾಲು ಅಂಗುಲ ಮೇಲೇರುತ್ತದೆ. ಈಗ ಕೋಣೆಗಿಂತ ತಗ್ಗಿನಲ್ಲಿರುವ ನೆಲ ಕೋಣೆಯ ಸಮಕ್ಕೆ ಬಂದರೆ ನೀರು ಎಲ್ಲಿಗೆ ಹರಿಯಬೇಕು? ಬಾಗಿಲನ್ನೂ ಕೆಳಗೆ ಕೊಯ್ಯಬೇಕು. ಹಾಲಿಗೆ ಬೇಕಾದರೆ ಹಾಕಿಸಿಕೋ, ಹಳೆಯ ಟೈಲ್ಸ್ ಗಟ್ಟಿಯಾಗಿ ಕೂತಿದ್ದರೆ ಒಳ್ಳೆಯ ಅಂಟಿನಲ್ಲಿ ನಿಲ್ಲುತ್ತದೆ. ಬಚ್ಚಲಿಗೆ ಬೇಡ.

ಒಡೆಸಿದ ಮೇಲೆ ಅವಸರ ಮಾಡಬೇಡ. ಗೋಡೆ ನೆಲ ಕೂಡುವ ಮೂಲೆಗಳನ್ನು ದುಂಡಗೆ ಮಾಡಿಸಿ, ನೀರು ತಡೆಯುವ ಲೇಪ ಎರಡು ಸಲ ಹಾಕಿಸು, ಎರಡನೆಯದು ಮೊದಲನೆಯದಕ್ಕೆ ಅಡ್ಡಡ್ಡ. ಗೋಡೆಯ ಮೇಲೂ ಹತ್ತಿಸಬೇಕು. ಆಮೇಲೆ ಮೋರಿಯ ಬಾಯಿ ಮುಚ್ಚಿಸಿ ನಾಲ್ಕು ಅಂಗುಲ ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆ. ಕನಿಷ್ಠ 48 ಗಂಟೆ, ಸಾಧ್ಯವಾದರೆ 72. ನಮ್ಮ ಮೇಸ್ತ್ರಿ ಒಂದು ರಾತ್ರಿ ಸಾಕು ಎಂದ. ನಾನು ಒಪ್ಪಲಿಲ್ಲ. ಮೊದಲ ದಿನ ಗೆರೆಯಲ್ಲೇ ಇತ್ತು. ಎರಡನೆಯ ಸಂಜೆ ಟಾರ್ಚ್ ಹಿಡಿದು ನೋಡಿದರೆ ನೀರು ಗೆರೆಗಿಂತ ಒಂದು ಬೆರಳು ಕೆಳಗೆ. ಆವಿಯಾಗಿರಬೇಕು ಮೇಡಂ ಎಂದ ಮೇಸ್ತ್ರಿ. ಮುಚ್ಚಿದ ಕೋಣೆಯಲ್ಲಿ ಒಂದು ಬೆರಳಷ್ಟು ಆವಿಯಾಗಲು ಅದೇನು ಬಳ್ಳಾರಿಯ ಬೇಸಿಗೆಯೇ? ಕೆಳಗೆ ಹೋಗಿ ನೋಡಿದರೆ ಕೊಳವೆ ಕಾಂಕ್ರೀಟನ್ನು ತೂರಿ ಇಳಿಯುವ ಜಾಗದಲ್ಲಿ ಸುತ್ತಲೂ ತೇವ. ಮತ್ತೆ ಬಿಡಿಸಿ, ಆ ಸಂದನ್ನು ತುಂಬಿ, ಲೇಪ ಹಾಕಿ, ಒಣಗಿಸಿ, ಇನ್ನೊಮ್ಮೆ ಮೂರು ದಿನ ನೀರು. ಒಂದು ವಾರ ಹೋಯಿತು. ನಿನಗೆ ಉಳಿಯುತ್ತದೆ ಎಂದಿದ್ದಾರಲ್ಲ ಹತ್ತು ದಿನ, ಅದರಲ್ಲಿ ಈ ವಾರವೂ ಸೇರಿದೆ.

ಟೈಲ್ಸ್ ಕೂರಿಸಿದ ಮರುದಿನ ಒಂದು ಚೊಂಬು ನೀರನ್ನು ಬಾಗಿಲ ಬಳಿ ಸುರಿದು ನೋಡು, ಓಡುತ್ತ ಮೋರಿಗೆ ಹೋಗಬೇಕು. ನಮ್ಮದು ಕಮೋಡಿನ ಹಿಂದೆ ಹೋಗಿ ನಿಂತಿತು. ಎಂಟು ಟೈಲ್ಸ್ ತೆಗೆಸಿದೆ. ಅಂಟು ಒಣಗಿದ ಮೇಲೆ ನಾಣ್ಯದಿಂದ ಒಂದೊಂದೇ ಟೈಲ್ಸ್ ಮೇಲೆ ಕುಟ್ಟು. ಗಟ್ಟಿ ಇದ್ದರೆ ಟಿಕ್ ಎನ್ನುತ್ತದೆ, ಕೆಳಗೆ ಟೊಳ್ಳಿದ್ದರೆ ಮಡಕೆಯಂತೆ ಡಬ್ ಎನ್ನುತ್ತದೆ. ನಾನು ನೆಲದ ಮೇಲೆ ಕೂತು ಕುಟ್ಟುತ್ತಿದ್ದರೆ ಆ ಹುಡುಗರು ನಗುತ್ತಿದ್ದರು. ನಗಲಿ.

ಇನ್ನು ಆ 45 ದಿನ. ನಿಮ್ಮ ಅಪಾರ್ಟ್‌ಮೆಂಟಿನ ಸಂಘದ ನಿಯಮ ಓದಿದೆಯಾ? ನಮ್ಮಲ್ಲಿ ಭಾನುವಾರ ಸುತ್ತಿಗೆ ಎತ್ತುವಂತಿಲ್ಲ, ಉಳಿದ ದಿನ ಬೆಳಿಗ್ಗೆ ಹತ್ತರಿಂದ ಐದರವರೆಗೆ ಮಾತ್ರ, ಮಧ್ಯಾಹ್ನ ಎರಡು ಗಂಟೆ ಸದ್ದಿಲ್ಲ. ಮೊದಲೇ ಠೇವಣಿ ಕಟ್ಟಬೇಕು. ಒಡೆದ ಕಲ್ಲುಮಣ್ಣನ್ನು ಲಿಫ್ಟಿನಲ್ಲಿ ಇಳಿಸುವಂತಿಲ್ಲ. ನಮ್ಮ ಒಂದು ಬಚ್ಚಲಿನಿಂದ 60 ಮೂಟೆ ಹೊರಟಿತು, ಒಂದೊಂದೂ ಹೆಗಲ ಮೇಲೆ ಮೂರು ಮಹಡಿ ಇಳಿಯಿತು, ಒಂದೊಂದಕ್ಕೂ ಕೂಲಿ. ಆ ಖರ್ಚು ಅಂದಾಜು ಪಟ್ಟಿಯಲ್ಲಿ ಇರಲೇ ಇಲ್ಲ. ಶೇ 18ರ ಜಿಎಸ್‌ಟಿ ಕೂಡ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿತ್ತು. ನಿನ್ನ ಪಟ್ಟಿಯ ಕೊನೆಯ ಪುಟವನ್ನು ಇವತ್ತೇ ನೋಡು.

ಮತ್ತೆ ಕೆಲಸದವರು. ನಮ್ಮ ಪ್ಲಂಬರ್ ಒಡಿಶಾದ ಕೇಂದ್ರಪಾಡಾ ಜಿಲ್ಲೆಯವನು. ದೇಶದ ಯಾವ ದೊಡ್ಡ ಊರಿಗೆ ಹೋದರೂ ಈ ಕೆಲಸದಲ್ಲಿ ಆ ಕಡೆಯವರು ಸಿಗುತ್ತಾರೆ. ಅಲ್ಲಿನ ಪಟ್ಟಾಮುಂಡೈನಲ್ಲಿ ಪ್ಲಂಬಿಂಗ್ ಕಲಿಸಲೆಂದೇ ಸರ್ಕಾರದ ಸಂಸ್ಥೆ ಇದೆ. ಚಿನ್ನದಂಥ ಕೆಲಸಗಾರ. ಆದರೆ ಜೂನ್ ಮಧ್ಯದಲ್ಲಿ ಅವರಿಗೆ ‘ರಜ’ ಎಂಬ ಹಬ್ಬ. ನಾಲ್ಕು ದಿನ ಎಂದು ಹೋದವನು ಹದಿನಾರನೆಯ ದಿನ ಬಂದ, ನನಗೆ ಒಂದು ಪೊಟ್ಟಣ ಪೋಡ ಪಿಠಾ, ಅವರ ಅಕ್ಕಿಯ ಸಿಹಿತಿಂಡಿ, ತಂದಿದ್ದ. ಬೈಯಬೇಕೆಂದು ಕಾದಿದ್ದವಳು ತಿಂದು ಸುಮ್ಮನಾದೆ. ಬಡಗಿಗಳು ರಾಜಸ್ಥಾನದವರು, ಅವರಿಗೆ ಮದುವೆಗಳ ಕಾಲ ಬೇರೆ. ಬಿಹಾರದವರು ಛಠ್ ಹಬ್ಬಕ್ಕೆ ಹೊರಟರೆಂದರೆ ಬ್ರಹ್ಮ ಬಂದರೂ ನಿಲ್ಲಿಸಲಾಗದು. ನಾವು ನಮ್ಮ ಪಂಚಾಂಗ ನೋಡಿ ಗೃಹಪ್ರವೇಶಕ್ಕೆ ದಿನ ಇಡುತ್ತೇವೆ. ಅವರ ಪಂಚಾಂಗವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ನೀನು ಮೇ ಕೊನೆಗೆ ಶುರು ಮಾಡಿದರೆ ಆ ರಜ ಹಬ್ಬ ಸರಿಯಾಗಿ ಕೊಳವೆ ಕೆಲಸದ ನಡುವೆ ಬರುತ್ತದೆ. ಮಳೆಯೂ ಆಗಲೇ. ಗೋಡೆಯ ಪುಟ್ಟಿ ಒಣಗದೆ ಬಣ್ಣ ಹಚ್ಚಿದರೆ ಆರು ತಿಂಗಳಿಗೆ ಸುಲಿಯುತ್ತದೆ. ನಮಗೆ 60 ದಿನ ಎಂದಿದ್ದರು, ಐದು ತಿಂಗಳಾಯಿತು.

ಆ ಐದು ತಿಂಗಳಲ್ಲಿ ಮೊದಲ ಒಂದೂವರೆ ತಿಂಗಳು ನಾವು ಆ ಮನೆಯಲ್ಲೇ ಇದ್ದೆವು. ಆ ತಪ್ಪು ಮಾಡಬೇಡ. ದೂಳು ಬಿಗಿಯಾಗಿ ಮುಚ್ಚಿದ ಅಕ್ಕಿ ಡಬ್ಬಿಯೊಳಗೂ ಹೋಗುತ್ತದೆ. ಬಾಲ್ಕನಿಯಲ್ಲಿ ಒಂಟಿ ಒಲೆ ಇಟ್ಟು, ಹಿಟ್ಟಿನ ಪಾತ್ರೆಗೆ ಎರಡು ಟವೆಲ್ ಸುತ್ತಿ, ಆದರೂ ಇಡ್ಲಿಯಲ್ಲಿ ಕರಕರ. ಬಾಡಿಗೆ ಮನೆ ಬಿಡುವುದಾಗಿ ಒಡೆಯರಿಗೆ ಇನ್ನೂ ಹೇಳಿಲ್ಲ ತಾನೇ? ಹೇಳಬೇಡ. ಎರಡು ತಿಂಗಳ ಬಾಡಿಗೆ ಹೆಚ್ಚಿಗೆ ಹೋಗಲಿ.

ಅಡುಗೆಮನೆ, ಹಾಲಿನ ನಡುವಿನ ಗೋಡೆ ತೆಗೆಸುವ ವಿಷಯ ಕೇಳಿದ್ದೆ. ಆ ಕಾಲದ ಕಟ್ಟಡವಾದ್ದರಿಂದ ಕಂಬ, ತೊಲೆಗಳ ಮೇಲೆ ನಿಂತಿರುವ ಸಾಧ್ಯತೆಯೇ ಹೆಚ್ಚು, ನಡುವಿನದು ಬರೀ ಇಟ್ಟಿಗೆ ಗೋಡೆಯಾಗಿರಬಹುದು. ಆದರೆ ಎಂಜಿನಿಯರ್ ಬಂದು ನೋಡಿ ಬರೆದುಕೊಡದೆ ಸುತ್ತಿಗೆ ಮುಟ್ಟಿಸಬೇಡ. ಈಗಿನ ಎಷ್ಟೋ ಹೊಸ ಕಟ್ಟಡಗಳಲ್ಲಿ ಗೋಡೆಗಳನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ, ಅಲ್ಲಂತೂ ಗೋಡೆಯೇ ಕಂಬ. ವೈರಿಂಗ್ ಬಣ್ಣಕ್ಕೆ ಮೊದಲು ಮುಗಿಸು: ಗೀಸರಿಗೆ 4 ಚದರ ಮಿಲಿಮೀಟರಿನ ತಂತಿ, ಮೀಟರ್ ದಾಟಿದ ಮೇಲೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್ಚು. ಇದರಲ್ಲಿ ಚೌಕಾಸಿ ಬೇಡ. ಸಿಂಕಿನ ಕೆಳಗಿನ ಬೀರುವಿಗೆ ನೀರು ತಾಳುವ, ಐಎಸ್ 710 ಮುದ್ರೆ ಇರುವ ಪ್ಲೈವುಡ್ಡೇ ಬೇಕು. ಕೊಯ್ಯುವ ಮೊದಲು ಹಲಗೆ ಹಲಗೆಯ ಮುದ್ರೆ ನೋಡು, ಕೊಯ್ದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಅಡುಗೆಮನೆಯ ಹಳೆಯ ಕಡಪ ಕಲ್ಲಿನ ಅಟ್ಟಗಳನ್ನು ಮಾತ್ರ ನಾನು ಒಡೆಯಲು ಬಿಡಲಿಲ್ಲ. ಎಲ್ಲರೂ ಹಳೇ ಕಾಲದ್ದು ಎಂದರು. ಗೆದ್ದಲು ತಿನ್ನುವುದಿಲ್ಲ, ನೀರಿಗೆ ಉಬ್ಬುವುದಿಲ್ಲ, ನಮ್ಮತ್ತೆಯ ಉಪ್ಪಿನಕಾಯಿ ಜಾಡಿಗಳ ಭಾರಕ್ಕೂ ಬಗ್ಗಲಿಲ್ಲ.

ಟೈಲ್ಸ್ ಕೊಳ್ಳುವಾಗ ನೂರಕ್ಕೆ ಹತ್ತು ಹೆಚ್ಚಿಗೆ ತೆಗೆದುಕೋ. ನಮಗೆ ನಾಲ್ಕು ಪೆಟ್ಟಿಗೆ ಕಡಿಮೆ ಬಿದ್ದು ಮತ್ತೆ ತರಿಸಿದರೆ ಹೆಸರು ಅದೇ, ಪೆಟ್ಟಿಗೆಯ ಮೇಲಿನ ಶೇಡ್ ಸಂಖ್ಯೆ ಬೇರೆ. ಅವನ್ನು ನಮ್ಮ ಮಂಚದ ಕೆಳಗಿನ ನೆಲಕ್ಕೆ ಹಾಕಿಸಿದೆವು. ಆ ಮಂಚವನ್ನು ಇನ್ನು ಯಾರೂ ಸರಿಸುವಂತಿಲ್ಲ.

ಬರೀ ಹೆದರಿಸಿದೆ ಎಂದುಕೊಳ್ಳಬೇಡ. ಎಲ್ಲ ಮುಗಿದ ಮೇಲೆ ನಮ್ಮತ್ತೆ, ಆಗ 84 ವರ್ಷ, ಹೊಸ ಬಚ್ಚಲಿಗೆ ಹೋದರು. ಜಾರದ ಒರಟು ಟೈಲ್ಸ್, ಗೋಡೆಯಲ್ಲಿ ಹಿಡಿದುಕೊಳ್ಳಲು ಸ್ಟೀಲಿನ ಕಂಬಿ. ಅದಕ್ಕೆ ಹಿಂದಿನ ಮೂರು ವರ್ಷ ಅವರ ಸ್ನಾನದ ಹೊತ್ತಿಗೆ ಯಾರಾದರೊಬ್ಬರು ಬಾಗಿಲಲ್ಲಿ ನಿಂತಿರಬೇಕಿತ್ತು. ಅವತ್ತು ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕದ ಸದ್ದು ಕೇಳಿ ನಾನೂ ನಿಮ್ಮ ಮಾವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮುಕ್ಕಾಲು ಗಂಟೆ ಬಿಟ್ಟು ಹೊರಗೆ ಬಂದು, ‘ನೀರು ಧಾರಾಳವಾಗಿ ಬರುತ್ತದಮ್ಮ’ ಎಂದಷ್ಟೇ ಹೇಳಿದರು.

ಹಾಗಾಗಿ ಆಮಂತ್ರಣ ಪತ್ರಿಕೆ ಈಗ ಅಚ್ಚಿಗೆ ಕೊಡಬೇಡ. ಶ್ರಾವಣದಲ್ಲಿ ಆಗದಿದ್ದರೆ ಕಾರ್ತೀಕದಲ್ಲಿ ಇಟ್ಟುಕೊಂಡರಾಯಿತು, ಅತ್ತಿಗೆಗೆ ನಾನು ಹೇಳುತ್ತೇನೆ. ಗುತ್ತಿಗೆದಾರರಿಗೆ ಹಣವನ್ನು ಕೆಲಸ ನೋಡಿ ಹಂತಹಂತವಾಗಿ ಕೊಡು. ನೂರಕ್ಕೆ ಹತ್ತನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದುಕೊಳ್ಳುತ್ತೇನೆ ಎಂದು ಕರಾರಿನಲ್ಲೇ ಬರೆಸು. ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ. ಭಾನುವಾರ ಹತ್ತು ಗಂಟೆಗೆ ನಾನೂ ನಿಮ್ಮ ಮಾವನೂ ಮನೆ ನೋಡಲು ಬರುತ್ತೇವೆ. ನೀನು ಅಷ್ಟರಲ್ಲಿ ನಿಮ್ಮ ಕೆಳಗಿನ ಮನೆಯವರ ಪರಿಚಯ ಮಾಡಿಕೊಂಡು, ಅವರ ಬಚ್ಚಲಿನ ಸೂರನ್ನು ಒಮ್ಮೆ ನೋಡಿ ಫೋಟೊ ಕಳಿಸು. ಕುಕ್ಕರ್ ನಾಲ್ಕನೆಯ ಸಲ ಕೂಗಿತು, ಬೇಳೆ ಕರಗಿಹೋಗಿರುತ್ತದೆ, ಇಡುತ್ತೇನೆ.