ಫೈಲ್ ಬದಲಾಯಿಸುತ್ತಿರುವ ಪ್ರೋಸೆಸ್ ಯಾವುದು? ಹಿಡಿದವರು ಹೇಳಿ

ಪ್ರಶ್ನೆ: ಲಿನಕ್ಸ್ ಸರ್ವರ್‌ನಲ್ಲಿ ಒಂದು ಕಾನ್ಫಿಗ್ ಫೈಲ್ ಆಗಾಗ ತಾನಾಗಿಯೇ ಬದಲಾಗುತ್ತಿದೆ. ಎಲ್‌ಎಸ್‌ಓಎಫ್ ಕಮಾಂಡ್ ಓಡಿಸಿದರೆ ಆ ಫೈಲನ್ನು ಯಾರೂ ತೆರೆದಿಲ್ಲ ಎಂದೇ ತೋರಿಸುತ್ತದೆ. ಹೆಸರೂ ಗೊತ್ತಿಲ್ಲದ ಪ್ರೋಸೆಸ್ಸನ್ನು ಹಿಡಿಯುವುದು ಹೇಗೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಒಬ್ಬರು: ಎಲ್‌ಎಸ್‌ಓಎಫ್ ತೋರಿಸುವುದು ಆ ಕ್ಷಣಕ್ಕೆ ತೆರೆದಿರುವ ಫೈಲುಗಳನ್ನು ಮಾತ್ರ. ಫೈಲ್ ತೆರೆದು, ಬರೆದು, ಮುಚ್ಚಿ ಹೋಗಲು ಒಂದು ಸ್ಕ್ರಿಪ್ಟಿಗೆ ಕೆಲವೇ ಮಿಲಿಸೆಕೆಂಡ್ ಸಾಕು. ಮೊದಲೇ ಕಾದು ಕೂತಿರುವ ಟೂಲ್ ಬೇಕು. ಫೈಲ್ ಬದಲಾದರೆ ತಿಳಿಸುವ ಐನೋಟಿಫೈವೇಟ್ ಹಾಕಿ ಎಂದು ಜಾಸ್ತಿ ಜನ ಹೇಳುತ್ತಾರೆ. ಆದರೆ ಅದು ಬಳಸುವ ಐನೋಟಿಫೈ ಈವೆಂಟ್‌ನಲ್ಲಿ ಪಿಐಡಿಯೇ (ಪ್ರೋಸೆಸ್ಸಿನ ಗುರುತಿನ ನಂಬರ್) ಇರುವುದಿಲ್ಲ. ನಿಮಗೆ ಬೇಕಿರುವುದೇ ಅದು, ಅಲ್ವಾ?

ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಫಾಟ್ರೇಸ್ ಎಂಬ ಟೂಲ್ ಓಡಿಸಿ. ಅದು ಕರ್ನಲ್‌ನ ಫ್ಯಾನೋಟಿಫೈ ಎಂಬ ಫೈಲ್ ನಿಗಾ ಸೌಲಭ್ಯ ಬಳಸುತ್ತದೆ. ಪ್ರತಿ ಸಾಲಿನಲ್ಲೂ ಪ್ರೋಸೆಸ್ ಹೆಸರು, ಪಿಐಡಿ, ಓದಿದ್ದರೆ ಆರ್, ಬರೆದಿದ್ದರೆ ಡಬ್ಲ್ಯೂ, ಕೊನೆಗೆ ಫೈಲಿನ ಪಾತ್ ಬರುತ್ತದೆ. ಔಟ್‌ಪುಟ್ಟನ್ನು ಪರದೆಗೂ ಫೈಲಿಗೂ ಬರೆಯುವ ಟೀ ಕಮಾಂಡಿಗೆ ಪೈಪ್ ಮಾಡಿ ಅದೇ ಡಿಸ್ಕಿಗೆ ಬರೆಸಬೇಡಿ. ಟೀ ಬರೆದದ್ದೂ ಒಂದು ಈವೆಂಟ್ ಆಗಿ, ಅದು ಮತ್ತೆ ಟೀಗೆ ಹೋಗಿ, ಲಾಗ್ ನಿಲ್ಲದೆ ಬೆಳೆಯುತ್ತದೆ. ಫಾಟ್ರೇಸ್‌ನದೇ ಫೈಲಿಗೆ ಬರೆಯುವ ಓ ಆಪ್ಷನ್ ಇದೆ, ಅದನ್ನು ಬಳಸಿ.

ಇನ್ನೊಬ್ಬರು: ಯಾವಾಗಲೋ ಒಮ್ಮೆ ಆಗುವ ಕೆಲಸಕ್ಕೆ ಹಿನ್ನೆಲೆಯಲ್ಲೇ ದಾಖಲಿಸುವ ಆಡಿಟ್‌ಡಿ ಒಳ್ಳೆಯದು, ಟರ್ಮಿನಲ್ ಮುಂದೆ ಕೂರಬೇಕಿಲ್ಲ. ಅದಕ್ಕೆ ರೂಲ್ ಹಾಕುವ ಆಡಿಟ್‌ಸಿಟಿಎಲ್‌ಗೆ ಡಬ್ಲ್ಯೂ ಆಪ್ಷನ್‌ನಲ್ಲಿ ಫೈಲಿನ ಪಾತ್, ಪಿ ಆಪ್ಷನ್‌ನಲ್ಲಿ ಡಬ್ಲ್ಯೂಎ (ಬರೆಯುವುದು ಮತ್ತು ಅನುಮತಿಯಂಥ ಗುಣ ಬದಲಿಸುವುದು), ಕೆ ಆಪ್ಷನ್‌ನಲ್ಲಿ ನಿಮ್ಮಿಷ್ಟದ ಒಂದು ಕೀ ಕೊಡಿ. ಆಮೇಲೆ ಅದೇ ಕೀ ಹಾಕಿ ಎಯುಸರ್ಚ್‌ನಲ್ಲಿ ಹುಡುಕಿ. ಎಷ್ಟೋ ಪ್ರೋಗ್ರಾಂಗಳು ಬೇರೆ ಹೆಸರಿನ ತಾತ್ಕಾಲಿಕ ಫೈಲಿಗೆ ಬರೆದು, ನಂತರ ಅದನ್ನು ಮೂಲ ಹೆಸರಿಗೆ ರೀನೇಮ್ ಮಾಡುತ್ತವೆ. ಇದೂ ಆಡಿಟ್‌ನಲ್ಲಿ ಸಿಗುತ್ತದೆ.

ಸಿಕ್ಕಿದ ದಾಖಲೆಯಲ್ಲಿ ಮೂರು ಕಡೆ ನೋಡಿ. ಇಎಕ್ಸ್‌ಇ ಎಂದರೆ ಓಡಿದ ಬೈನರಿಯ ಪೂರ್ತಿ ಪಾತ್. ಪಿಪಿಐಡಿ ಎಂದರೆ ಅದನ್ನು ಹುಟ್ಟಿಸಿದ ಪ್ರೋಸೆಸ್. ಎಯುಐಡಿ ಎಂದರೆ ಮೊದಲು ಲಾಗಿನ್ ಆದ ಬಳಕೆದಾರ. ನಡುವೆ ಸುಡೋ ಹೊಡೆದು ರೂಟ್ ಆದರೂ ಇದು ಬದಲಾಗುವುದಿಲ್ಲ. ಅಲ್ಲಿ 4294967295 ಎಂದಿದ್ದರೆ ಲಾಗಿನ್ ಆಗಿ ಓಡಿಸಿದ್ದಲ್ಲ. ಬೂಟ್ ಆಗುವಾಗಲೇ ಶುರುವಾದ ಸರ್ವಿಸ್‌ಗಳ ಕಡೆ ಮೊದಲು ಹುಡುಕಿ.

ಒಂದು ತೊಡಕಿದೆ. ನೀವು ನೋಡುವ ಹೊತ್ತಿಗೆ ಪೇರೆಂಟ್ ಕೂಡ ಸತ್ತಿರಬಹುದು. ಪ್ರೋಗ್ರಾಂ ಓಡಿಸುವ ಎಕ್ಸೆಕ್‌ವಿಇ ಕರೆಗೂ ಒಂದು ರೂಲ್ ಸೇರಿಸಿದರೆ ಸರಪಳಿ ಪೂರ್ತಿ ಸಿಗುತ್ತದೆ. ಲಾಗ್ ಮಾತ್ರ ಬೇಗ ಉಬ್ಬುತ್ತದೆ, ಕೆಲಸ ಮುಗಿದ ಕೂಡಲೇ ತೆಗೆಯಿರಿ.

ಮತ್ತೊಬ್ಬರು: ಪ್ರೋಸೆಸ್ ಹೆಸರನ್ನು ನಂಬಬೇಡಿ, ಅದನ್ನು ಪ್ರೋಸೆಸ್ಸೇ ಬದಲಾಯಿಸಿಕೊಳ್ಳಬಹುದು. ಓಡುತ್ತಿರುವ ಪ್ರೋಸೆಸ್‌ಗಳ ವಿವರ ಇರುವ ಪ್ರಾಕ್ ಡೈರೆಕ್ಟರಿಯಲ್ಲಿ ಆ ಪಿಐಡಿ ಕೆಳಗಿನ ಇಎಕ್ಸ್‌ಇ ಲಿಂಕ್ ನೋಡಿ. ಕೊನೆಯಲ್ಲಿ ಡಿಲೀಟೆಡ್ ಎಂದಿದ್ದರೆ ಡಿಸ್ಕಿನಲ್ಲಿ ಆ ಬೈನರಿ ಇಲ್ಲ ಎಂದರ್ಥ. ಪ್ಯಾಕೇಜ್ ಅಪ್‌ಡೇಟ್ ಆದಾಗಲೂ ಹೀಗೇ ಕಾಣುತ್ತದೆ, ಸುಮ್ನೆ ಗಾಬರಿ ಬೇಡ. ಆದರೆ ಕಿಲ್ ಮಾಡುವ ಮೊದಲು ಆ ಲಿಂಕ್‌ನಿಂದ ಒಂದು ಕಾಪಿ ತೆಗೆದಿಡಿ. ಪ್ರೋಸೆಸ್ ಸತ್ತ ಮೇಲೆ ಅದು ಸಿಗುವುದಿಲ್ಲ.