ಪೆಬಾನಿಸ್ಟಾ: ಅಮೆಜಾನಿನ ಡಾಲ್ಫಿನ್ ಗಂಗೆಯ ಡಾಲ್ಫಿನ್‌ಗೆ ಹೇಗೆ ನೆಂಟ?

ಕಪ್ಪೆಚಿಪ್ಪು:
ಪೆರುವಿನ ನಾಪೊ ನದಿಯಲ್ಲಿ 2018ರಲ್ಲಿ ಸಿಕ್ಕ ಡಾಲ್ಫಿನ್ ಪಳೆಯುಳಿಕೆಯ ತಲೆಬುರುಡೆಗೆ 2024ರಲ್ಲಿ ಪೆಬಾನಿಸ್ಟಾ ಯಾಕುರುನಾ ಅಂತ ಹೆಸರಿಟ್ಟರು. ವಯಸ್ಸು ಸುಮಾರು 1.65 ಕೋಟಿ ವರ್ಷ. ಅಲ್ಲಿ ಈಗಿರೋ ಗುಲಾಬಿ ಡಾಲ್ಫಿನ್ ಬಿಟ್ಟು ಗಂಗೆಯದಕ್ಕೆ ಇದು ಹತ್ತಿರ ಅನ್ನೋದು ಹೇಗೆ? ಬರೀ ಬುರುಡೆ ಇಟ್ಕೊಂಡು 3.5 ಮೀಟರ್ ತನಕ ಉದ್ದ ಇತ್ತು ಅಂದಿದ್ದು ಹೇಗೆ?

ಮೂಳೆಮಾತು:
ಉದ್ದ ಮೂತಿ ನೋಡಿ ತೀರ್ಮಾನಿಸಬೇಡಿ. ಗಂಗೆ, ಅಮೆಜಾನ್, ಯಾಂಗ್ತ್ಸೆ ಡಾಲ್ಫಿನ್‌ಗಳಿಗೆಲ್ಲ ಅದು ಬೇರೆಬೇರೆಯಾಗಿಯೇ ಬಂದದ್ದು. ಹಿಂದೆ ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಿ ಎಡವಿದ್ದಾರೆ. ಕಣ್ಣುಗೂಡಿನ ಮೇಲಿನ ಏಣು ನೋಡಿ. ಪೆಬಾನಿಸ್ಟಾದಲ್ಲಿ ಅದು ಎದ್ದು ನಿಂತಿದೆ. ಗಂಗೆಯ ಡಾಲ್ಫಿನ್‌ನಲ್ಲಿ ಇನ್ನೂ ಬೆಳೆದು, ಹಣೆಯ ಕೊಬ್ಬಿನ ಗಡ್ಡೆಯನ್ನು ಎರಡೂ ಕಡೆಯಿಂದ ಬೊಗಸೆಯಂತೆ ತಬ್ಬಿಕೊಳ್ಳುತ್ತದೆ. ಕೆಸರುನೀರಲ್ಲಿ ದಾರಿ ಹುಡುಕುವ ಶಬ್ದವನ್ನು ಒಂದೇ ದಿಕ್ಕಿಗೆ ಹಾಯಿಸಲು ಅದು ನೆರವಾಗುತ್ತದೆ. ಗುಲಾಬಿ ಡಾಲ್ಫಿನ್‌ಗೆ ಅಂಥ ಏಣು ಇಲ್ಲ. ಅದರ ಹಿಂದಿನ ಹಲ್ಲುಗಳೂ ದವಡೆಹಲ್ಲಿನಂತೆ ಅಗಲ.

ಅಳತೆಗೋಲು:
ಉದ್ದದ ಲೆಕ್ಕಕ್ಕೆ ಮೂತಿ ಉಪಯೋಗವಿಲ್ಲ, ಅದು ಜಾತಿಯಿಂದ ಜಾತಿಗೆ ವಿಪರೀತ ಬದಲಾಗುತ್ತೆ. ಎರಡೂ ಕೆನ್ನೆಮೂಳೆಗಳ ಹೊರಅಂಚಿನ ನಡುವಿನ ಅಗಲವನ್ನು ಕ್ಯಾಲಿಪರ್‌ನಲ್ಲಿ ಅಳೆದು, ಬದುಕಿರೋ ಜಾತಿಗಳ ಅಳತೆಯಿಂದ ಕಟ್ಟಿದ ಸಮೀಕರಣಕ್ಕೆ ಹಾಕ್ತಾರೆ. ಒಂದು ಕೆನ್ನೆ ಮುರಿದಿದ್ದರೆ ಅರ್ಧ ಅಳೆದು ಎರಡರಿಂದ ಗುಣಿಸಬಹುದು. ಎಡವಟ್ಟಾಗೋದು ಇಲ್ಲೇ: ಹಲ್ಲಿನ ತಿಮಿಂಗಿಲಗಳ (ಡಾಲ್ಫಿನ್‌ಗಳೂ ಇದೇ ಗುಂಪು) ನೆತ್ತಿ ಎಡಕ್ಕೆ ವಾಲಿರುತ್ತೆ, ಅದನ್ನೇ ನಡುಗೆರೆ ಅಂದುಕೊಂಡರೆ ಲೆಕ್ಕ ಕೆಡುತ್ತೆ. ಬುರುಡೆಯ ಹಿಂದಿನ, ಬೆನ್ನುಹುರಿ ಹೊರಡುವ ರಂಧ್ರದ ನಡುವಿನಿಂದ ಅಳೀಬೇಕು. ಮಣ್ಣಿನ ಭಾರಕ್ಕೆ ಬುರುಡೆ ಚಪ್ಪಟೆಯಾಗಿದ್ದರೆ ಅಗಲ ಹೆಚ್ಚಾಗಿ, ಪ್ರಾಣಿ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತೆ. ಉತ್ತರ ಒಂದೇ ಅಂಕಿಯಲ್ಲಿ ಬಾರದೆ 2.8ರಿಂದ 3.5 ಮೀಟರ್ ಅಂತ ಬಂದಿದ್ದು ಸರಿಯೇ.

ಕಪ್ಪೆಚಿಪ್ಪು:
ಹಾಗಾದ್ರೆ ಗಂಗೆಯ ಡಾಲ್ಫಿನ್‌ನ ಮೂಲಪುರುಷ ಅಮೆಜಾನಿನವನಾ?

ಮೂಳೆಮಾತು:
ಅಜ್ಜ ಅಲ್ಲ, ದಾಯಾದಿ. ಈ ವಂಶ ಮಯೋಸಿನ್ ಕಾಲದಲ್ಲಿ (ಸುಮಾರು 2.3 ಕೋಟಿಯಿಂದ 53 ಲಕ್ಷ ವರ್ಷಗಳ ಹಿಂದೆ) ಸಮುದ್ರದಲ್ಲಿ ಹರಡಿತ್ತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಿಕ್ಕ, ಅಳಿದುಹೋದ ಡಾಲ್ಫಿನ್ ಜಾರ್ಹಾಕಿಸ್ ಅದೇ ಕುಟುಂಬದ್ದು. ಒಂದು ಕವಲು ಪೆಬಾಸ್ ಅನ್ನೋ ಭಾರಿ ಸರೋವರ-ಜೌಗಿಗೆ ನುಗ್ಗಿತು, ಇನ್ನೊಂದು ದಕ್ಷಿಣ ಏಷ್ಯಾದ ನದಿಗಳಿಗೆ. ಆಂಡಿಸ್ ಪರ್ವತಗಳು ಮೇಲೆದ್ದು, ಸುಮಾರು 1 ಕೋಟಿ ವರ್ಷಗಳ ಹಿಂದೆ ಪೆಬಾಸ್ ಬರಿದಾಗಿ ಇಂದಿನ ಅಮೆಜಾನ್ ರೂಪುಗೊಂಡಿತು. ಆ ಕವಲು ಅಲ್ಲಿಗೇ ನಿಂತಿತು. ಗುಲಾಬಿ ಡಾಲ್ಫಿನ್‌ನದು ಬೇರೆಯೇ ಮನೆತನ. ಅದರ ಹತ್ತಿರದ ನೆಂಟ ಫ್ರಾನ್ಸಿಸ್ಕಾನಾ ಅನ್ನೋ ಡಾಲ್ಫಿನ್ ಈಗಲೂ ದಕ್ಷಿಣ ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿದೆ.